ಶಾಲೆಯ ಹೊಸ ಲೈಬ್ರರಿಯಿಂದ ಮಕ್ಕಳಿಗೆ ಏನು ಸಿಗುತ್ತದೆ?

ಪ್ರಶ್ನೆ: ಮಗಳ ಶಾಲೆಯಲ್ಲಿ ಲೈಬ್ರರಿಯನ್ನು ಹೊಸದಾಗಿ ಮಾಡಿದ್ದಾರೆ. ಎರಡು ಕಂಪ್ಯೂಟರ್, ಬಾರ್‌ಕೋಡ್, ಕೂತು ಓದಲು ಬಣ್ಣದ ದಿಂಬು ಎಲ್ಲ ಇದೆ. ಬೇಕಾದದ್ದೆಲ್ಲ ಮೊಬೈಲ್‌ನಲ್ಲೇ ಸಿಗುವಾಗ ಇದರಿಂದ ಜಾಸ್ತಿ ಏನು ಸಿಗುತ್ತದೆ?

ಉತ್ತರ: ದಿಂಬು, ಕಂಪ್ಯೂಟರ್ ಆಮೇಲೆ ನೋಡೋಣ. ಮೊದಲು ಕಪಾಟಿಗೆ ಬೀಗ ಇದೆಯಾ ಹೇಳಿ.

ನಾನು ಓದಿದ ಶಾಲೆಯಲ್ಲಿ ಲೈಬ್ರರಿ ಅಂದರೆ ಹೆಡ್‌ಮೇಷ್ಟ್ರ ಕೋಣೆಯಲ್ಲಿದ್ದ ಒಂದು ಕಬ್ಬಿಣದ ಬೀರು. ಇನ್‌ಸ್ಪೆಕ್ಷನ್ ದಿನ ಅದರ ಬಾಗಿಲು ತೆರೆಯುತ್ತಿತ್ತು. ನುಸಿಗುಳಿಗೆಯ ವಾಸನೆ ಹೊರಗೆ ಬರುತ್ತಿತ್ತು. ಸಂಜೆಗೆ ಮತ್ತೆ ಬೀಗ. ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಾದವರು ಮೇಷ್ಟ್ರು, ಪಾಪ. ಹಾಗಾಗಿ ಮಕ್ಕಳ ಕೈಗೆ ಕೊಡದೇ ಇರುವುದೇ ಅವರಿಗೆ ಕ್ಷೇಮವಾಗಿತ್ತು. ಪುಸ್ತಕ ಇರುವುದು ಬಳಸಲಿಕ್ಕೆ ಅಂತ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯದ ಮೊದಲ ಸೂತ್ರ ಬರೆದಿದ್ದರು. ಕೊನೆಗಾಲದಲ್ಲಿ ಅವರು ಬೆಂಗಳೂರಿನಲ್ಲೇ ಇದ್ದರು. ಆದರೆ ಆ ಸೂತ್ರ ನಮ್ಮ ಬೀರುವಿನವರೆಗೆ ಬಂದಿರಲಿಲ್ಲ.

ಬಾರ್‌ಕೋಡ್‌ನಿಂದ ಆಗುವ ಲಾಭ ಇಲ್ಲೇ. ಮೊದಲು ನಲವತ್ತು ಮಕ್ಕಳ ಹೆಸರು, ಪುಸ್ತಕದ ನಂಬರು, ತಾರೀಕು ಎಲ್ಲವನ್ನೂ ರಿಜಿಸ್ಟರ್‌ನಲ್ಲಿ ಬರೆಯುವಷ್ಟರಲ್ಲಿ ಪೀರಿಯಡ್ ಮುಗಿದೇ ಹೋಗುತ್ತಿತ್ತು. ಈಗ ಸ್ಕ್ಯಾನರ್ ಒಮ್ಮೆ ಬೀಪ್ ಅಂದರೆ ಆಯಿತು. ಪುಸ್ತಕ ಯಾರ ಹತ್ತಿರ ಇದೆ ಅಂತ ಗೊತ್ತಿರುವುದರಿಂದ ಬೀಗ ತೆಗೆಯಲು ಧೈರ್ಯವೂ ಬರುತ್ತದೆ. ಉಳಿದ ಸಮಯದಲ್ಲಿ ಮಕ್ಕಳು ಕಪಾಟಿನ ಮುಂದೆ ಸುಮ್ನೆ ಓಡಾಡಬಹುದು.

ಮೊಬೈಲ್‌ನಲ್ಲಿ ಸಿಗದೇ ಇರುವುದು ಈ ಓಡಾಟ. ವಿಷಯಕ್ಕೊಂದು ನಂಬರು ಕೊಡುವ ಡ್ಯೂಯಿ ಪದ್ಧತಿಯಲ್ಲಿ ಜೋಡಿಸಿದ ಕಪಾಟಿನಲ್ಲಿ ಹಾವಿನ ಪುಸ್ತಕದ ಬೆನ್ನಿಗೆ 597.96 ಅಂತ ಚೀಟಿ ಇರುತ್ತದೆ. ಅದರ ಎಡಕ್ಕೆ ಹಲ್ಲಿ, ಓತಿಕ್ಯಾತ. ಬಲಕ್ಕೆ ಸ್ವಲ್ಪ ಮುಂದೆ 598, ಅಂದರೆ ಹಕ್ಕಿಗಳು. ಹಾವು ಹುಡುಕಿಕೊಂಡು ಹೋದ ಹುಡುಗಿ ಮರಕುಟಿಗ ಹಿಡಿದುಕೊಂಡು ಬರುತ್ತಾಳೆ! ಮೊಬೈಲ್‌ನಲ್ಲಿ ಹಾವು ಅಂತ ಹುಡುಕಿದರೆ ಹಾವೇ ಬರುತ್ತದೆ, ಅದರ ಹಿಂದೆ ಇನ್ನೂ ಹತ್ತು ಹಾವು. ಚಿಕ್ಕ ಮಕ್ಕಳಿಗೆ ಈ ನಂಬರೆಲ್ಲ ಬೇಡ, ಓದಿನ ಮಟ್ಟಕ್ಕೆ ತಕ್ಕ ಬಣ್ಣದ ಸ್ಟಿಕರ್ ಸಾಕು.

ಕಂಪ್ಯೂಟರ್ ವಿಷಯದಲ್ಲಿ ಒಂದು ಪರೀಕ್ಷೆ ಮಾಡಿ. ಹುಡುಕುವ ಜಾಗದಲ್ಲಿ ‘ಹಾವು’ ಅಂತ ಕನ್ನಡದಲ್ಲೇ ಟೈಪ್ ಮಾಡಿ ನೋಡಿ. ಎಷ್ಟೋ ಕಡೆ ಕನ್ನಡ ಪುಸ್ತಕದ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲಿ ತುಂಬಿರುತ್ತಾರೆ, ಅದೂ ಒಬ್ಬೊಬ್ಬರು ಒಂದೊಂದು ಸ್ಪೆಲ್ಲಿಂಗ್‌ನಲ್ಲಿ. ಪುಸ್ತಕ ಎದುರಿಗೇ ಇದ್ದರೂ ಕಂಪ್ಯೂಟರ್ ಇಲ್ಲ ಅನ್ನುತ್ತದೆ. ಇದನ್ನು ಸರಿಮಾಡಲು ದುಡ್ಡು ಖರ್ಚು ಮಾಡಬೇಕಾಗಿಲ್ಲ. ಕೋಹಾದಂಥ ಉಚಿತ ಲೈಬ್ರರಿ ಸಾಫ್ಟ್‌ವೇರ್‌ನಲ್ಲೂ ಕನ್ನಡ ಅಕ್ಷರ ಚೆನ್ನಾಗಿ ಕೂರುತ್ತದೆ. ತುಂಬುವವರಿಗೆ ತಾಳ್ಮೆ ಬೇಕು, ಅಷ್ಟೇ.

ಮೊಬೈಲ್‌ನಲ್ಲೇ ಸಿಗುತ್ತದೆ ಅನ್ನುವ ನಿಮ್ಮ ಮಾತು ಕಥೆಗಳ ಮಟ್ಟಿಗೆ ಸರಿ. ಬೆಂಗಳೂರಿನ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ವೆಬ್‌ಸೈಟ್‌ನಲ್ಲಿ ಚಿತ್ರಗಳಿರುವ ಕನ್ನಡ ಕಥೆಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಮನೆಯಲ್ಲೇ ಓದಬಹುದು. ಶಾಲೆಯವರು ಅವನ್ನು ಪ್ರಿಂಟ್ ಹಾಕಿಸಿ ಕಪಾಟಿಗೆ ಸೇರಿಸಿದರೆ ಮೊಬೈಲ್ ಇಲ್ಲದ ಮಗುವಿಗೂ ಸಿಕ್ಕ ಹಾಗಾಯಿತು, ಅಲ್ವಾ?

ಅಂದಹಾಗೆ, ಲೈಬ್ರರಿ ಕೊಡುವುದು ಶಾಲೆಯ ಔದಾರ್ಯವೇನಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪತ್ರಿಕೆ, ಕಥೆಪುಸ್ತಕ ಇರುವ ಲೈಬ್ರರಿ ಪ್ರತಿ ಶಾಲೆಯಲ್ಲೂ ಇರಬೇಕು. ಸರ್ಕಾರಿ ಶಾಲೆಗಳಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇದಕ್ಕೆಂದೇ ವರ್ಷಕ್ಕೆ 5 ಸಾವಿರದಿಂದ 20 ಸಾವಿರ ರೂಪಾಯಿವರೆಗೆ ಅನುದಾನ ಇದೆ, ತರಗತಿಗಳಿಗೆ ತಕ್ಕಂತೆ.

ಪೋಷಕರ ಸಭೆಗೆ ಹೋದಾಗ ನಾಲ್ಕು ಪುಸ್ತಕ ತೆಗೆದು ನೋಡಿ. ಮೂಲೆ ಮಡಚಿ, ಬೆನ್ನಿಗೆ ಟೇಪ್ ಹಚ್ಚಿದ್ದರೆ ಸಂತೋಷಪಡಿ. ಮಗಳನ್ನೂ ಕೇಳಿ, ಲೈಬ್ರರಿ ಪೀರಿಯಡ್ ಯಾವ ದಿನ ಅಂತ. ‘ಗುರುವಾರ, ಆದ್ರೆ ಪೋರ್ಷನ್ ಮುಗಿದಿಲ್ಲ ಅಂತ ಮ್ಯಾತ್ಸ್ ಮಿಸ್ ತಗೊಂಡ್ರು’ ಅನ್ನುವ ಉತ್ತರ ಎರಡು ವಾರ ಸತತವಾಗಿ ಬಂದರೆ ಹೆಡ್‌ಮೇಷ್ಟ್ರ ಹತ್ತಿರ ಮಾತಾಡಿ.