ಅಪಾರ್ಟ್‌ಮೆಂಟ್ ಸಂಘದ ಲೆಕ್ಕ: ಮೊದಲು ಛೇದ ಹುಡುಕಿ

ಫ್ಲ್ಯಾಟ್ ಕೊಂಡವರಿಗೆ ಎರಡು ಬಗೆಯ ಆಸ್ತಿ ಬರುತ್ತದೆ. ಒಂದು, ಗೋಡೆಗಳ ಒಳಗಿನ ಸ್ವಂತ ಜಾಗ. ಇನ್ನೊಂದು, ನೆಲ, ಅಡಿಪಾಯ, ಕಂಬ, ತೊಲೆ, ಮೆಟ್ಟಿಲು, ಲಿಫ್ಟ್, ತಾರಸಿಗಳಲ್ಲಿ ಅವಿಭಜಿತ ಪಾಲು. ‘ತಾರಸಿಯ ಈ ಮೂಲೆ ನನ್ನದು’ ಎಂದು ಗೆರೆ ಎಳೆಯುವಂತಿಲ್ಲ. ಒಂದೊಂದು ಮೂಲೆಯಲ್ಲೂ ಎಲ್ಲರ ಪಾಲಿದೆ. ಫ್ಲ್ಯಾಟ್ ಮಾರಿದರೆ ಪಾಲೂ ಜೊತೆಗೇ ಹೋಗುತ್ತದೆ, ಅದನ್ನಷ್ಟೇ ಬಿಡಿಸಿ ಮಾರಲಾಗದು.

ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972 ಈ ಪಾಲನ್ನು ಬೆಲೆಯ ಮೇಲೆ ಕಟ್ಟುತ್ತದೆ: ಇಡೀ ಆಸ್ತಿಯ ಬೆಲೆಯಲ್ಲಿ ನಿಮ್ಮ ಫ್ಲ್ಯಾಟಿನ ಬೆಲೆ ಎಷ್ಟನೇ ಭಾಗವೋ ಅಷ್ಟು. ಆಸ್ತಿಯನ್ನು ಈ ಕಾಯ್ದೆಗೆ ಒಳಪಡಿಸುವ ಘೋಷಣಾ ಪತ್ರದಲ್ಲಿ ಒಮ್ಮೆ ಬರೆದದ್ದನ್ನು ಎಲ್ಲ ಮಾಲೀಕರ ಒಪ್ಪಿಗೆಯಿಲ್ಲದೆ ತಿದ್ದುವಂತಿಲ್ಲ. ಒಳಗೆ ಇಟಾಲಿಯನ್ ಮಾರ್ಬಲ್ ಹಾಕಿಸಿದರೂ ಪಾಲು ಬೆಳೆಯದು.

ಬಾಲ್ಕನಿ, ಗೊತ್ತುಪಡಿಸಿದ ಪಾರ್ಕಿಂಗ್ ಇಂಥವು ಸೀಮಿತ ಸಾಮಾನ್ಯ ಜಾಗ ಆಗಿರಬಹುದು: ಮಾಲೀಕತ್ವ ಎಲ್ಲರದು, ಬಳಕೆ ಒಬ್ಬರದು. ನಿಮ್ಮ ಮನೆಯ ಹಾಲ್‌ ನಡುವೆ ನಿಂತ ಕಂಬವೂ ಎಲ್ಲರದೇ, ಆದ್ದರಿಂದ ಅದನ್ನು ಕೊರೆಯುವ ಹಕ್ಕು ನಿಮಗಿಲ್ಲ. ಇಷ್ಟು ಸುಲಭ. ತೊಡಕು ಮುಂದಿದೆ.

ಬಹುಮತ ಎಂದರೆ ಯಾವುದರಲ್ಲಿ ಬಹುಮತ?

ಸಂಘದ ಲೆಕ್ಕಗಳಲ್ಲಿ ಮೇಲಿನ ಅಂಕಿ, ಅಂದರೆ ಅಂಶ, ಎಲ್ಲರಿಗೂ ಕಾಣುತ್ತದೆ. ಎಡವುವುದು ಕೆಳಗಿನ ಛೇದದಲ್ಲಿ. ಹತ್ತು ಫ್ಲ್ಯಾಟಿನ ಒಂದು ಕಟ್ಟಡ ಇಟ್ಟುಕೊಳ್ಳಿ, ಒಟ್ಟು ಪಾಲು 1,000. ಆರು ಚಿಕ್ಕ ಫ್ಲ್ಯಾಟಿಗೆ ತಲಾ 80, ಮೂರು ಮಧ್ಯಮಕ್ಕೆ ತಲಾ 120, ದೊಡ್ಡದೊಂದಕ್ಕೆ 160. ಕೂಡಿ ನೋಡಿ: 480, 360, 160.

ಸಭೆಗೆ ಏಳು ಜನ ಬಂದರು. ನಾಲ್ಕು ಚಿಕ್ಕವರು ಠರಾವಿನ ಪರ, ಇಬ್ಬರು ಮಧ್ಯಮದವರು ವಿರೋಧ, ದೊಡ್ಡ ಫ್ಲ್ಯಾಟಿನವರು ತಟಸ್ಥ. ಪಾಲಿನ ಲೆಕ್ಕದಲ್ಲಿ ಪರ 320, ವಿರೋಧ 240, ತಟಸ್ಥ 160. ಗೈರಾದವರ ಪಾಲು 280.

ಠರಾವು ಪಾಸಾಯಿತೇ?

ಹಾಕಿದ ಮತಗಳಲ್ಲಿ ನೋಡಿದರೆ 560ರಲ್ಲಿ 320, ಅಂದರೆ ಶೇ 57. ಪಾಸು. ಹಾಜರಿದ್ದವರ ಪಾಲಿನಲ್ಲಿ ನೋಡಿದರೆ 720ರಲ್ಲಿ 320, ಶೇ 44. ಬಿತ್ತು. ಒಟ್ಟು ಪಾಲಿನಲ್ಲಿ ಬರೀ ಶೇ 32, ಬಿತ್ತು. ಹಾಜರಿದ್ದ ತಲೆಗಳಲ್ಲಿ ಏಳಕ್ಕೆ ನಾಲ್ಕು, ಪಾಸು. ಎಲ್ಲ ಮಾಲೀಕರ ತಲೆ ಎಣಿಸಿದರೆ ಹತ್ತಕ್ಕೆ ನಾಲ್ಕು, ಬಿತ್ತು. ಎತ್ತಿದ ಕೈಗಳು ಅವೇ, ಫಲಿತಾಂಶ ಮಾತ್ರ ಬೇರೆ ಬೇರೆ.

ಎರಡನೆಯ ಲೆಕ್ಕವನ್ನು ಮತ್ತೊಮ್ಮೆ ನೋಡಿ. ತಟಸ್ಥ ಮಾಲೀಕರು ಯಾರ ಕಡೆಗೂ ಇಲ್ಲ ಎಂದೇ ಅನ್ನಿಸುತ್ತದೆ. ಆದರೆ ಛೇದ ‘ಹಾಜರಿದ್ದವರು’ ಎಂದಾದಾಗ ಅವರ 160 ಕೆಳಗೆ ಸೇರುತ್ತದೆ, ಮೇಲೆ ಸೇರುವುದಿಲ್ಲ. ಅಲ್ಲಿ ಸುಮ್ಮನೆ ಕೂತದ್ದೇ ವಿರೋಧದ ಮತ. ಛೇದ ‘ಹಾಕಿದ ಮತ’ ಎಂದಾದರೆ ಅವರು ಲೆಕ್ಕದಲ್ಲೇ ಇಲ್ಲ. ಇನ್ನು ಛೇದ ‘ಒಟ್ಟು ಪಾಲು’ ಎಂದಾದರೆ ಮನೆಯಲ್ಲಿ ನಿದ್ದೆ ಹೊಡೆಯುತ್ತಿರುವವರೂ ವಿರೋಧಿಗಳೇ. ಬೈಲಾ, ಅಂದರೆ ಸಂಘದ ನಿಯಮಾವಳಿ, ಬರೆಯುವವರು ‘ಬಹುಮತದಿಂದ’ ಎಂದಷ್ಟೇ ಬರೆದು ಎದ್ದುಬಿಡುತ್ತಾರೆ. ಮುಂದಿನ ಹತ್ತು ವರ್ಷದ ಜಗಳಕ್ಕೆ ಆ ಒಂದು ಪದ ಸಾಕು.

ಫ್ಲ್ಯಾಟ್ ಮಾಲೀಕರ ಬಗೆಗಿನ ಫ್ರಾನ್ಸ್‌ನ 1965ರ ಕಾನೂನು ಈ ವಿಚಾರದಲ್ಲಿ ಒಳ್ಳೆಯ ಪಾಠ. ಮತವನ್ನು ಅದು ಪಾಲಿನ ಮೇಲೆ ಎಣಿಸುತ್ತದೆ, ಛೇದವನ್ನು ವಿಷಯಕ್ಕೆ ತಕ್ಕಂತೆ ಬದಲಿಸುತ್ತದೆ. 24ನೇ ವಿಧಿಯಡಿ ದಿನನಿತ್ಯದ ವಿಷಯಗಳಿಗೆ ಹಾಕಿದ ಮತಗಳ ಬಹುಮತ ಸಾಕು: ನಮ್ಮ ಠರಾವು ಪಾಸು. 25ನೇ ವಿಧಿಯಡಿ ಎಲ್ಲ ಮಾಲೀಕರ ಮತಗಳಲ್ಲಿ ಬಹುಮತ ಬೇಕು: 501 ಆಗಬೇಕಿತ್ತು, ಬಿತ್ತು. ಇಲ್ಲಿ ಸೋತರೂ ಒಟ್ಟು ಮತದ ಮೂರನೇ ಒಂದು ಭಾಗ ಸಿಕ್ಕಿದ್ದರೆ ಅದೇ ಸಭೆಯಲ್ಲಿ 24ರ ಅಳತೆಗೋಲಿನಲ್ಲಿ ಮತ್ತೊಮ್ಮೆ ಮತಕ್ಕೆ ಹಾಕಬಹುದು. ನಮ್ಮದು 320, ಬೇಕಿದ್ದದ್ದು 334. ಹದಿನಾಲ್ಕು ಪಾಲಿನಲ್ಲಿ ಆ ಬಾಗಿಲೂ ಮುಚ್ಚಿತು. 26ನೇ ವಿಧಿ ಎರಡು ಛೇದ ಒಟ್ಟಿಗೆ ಕೇಳುತ್ತದೆ: ಮಾಲೀಕರ ತಲೆಗಳಲ್ಲಿ ಬಹುಮತ, ಅಂದರೆ ಆರು ಜನ, ಜೊತೆಗೆ ಮತಗಳ ಮೂರನೇ ಎರಡು ಭಾಗ, ಅಂದರೆ 667.

ಒಬ್ಬರ ಕೈಯಲ್ಲೇ ಅರ್ಧಕ್ಕಿಂತ ಹೆಚ್ಚು ಪಾಲಿದ್ದರೆ ಅದೇ ಕಾನೂನು ಅವರ ಮತವನ್ನು ಉಳಿದವರೆಲ್ಲರ ಒಟ್ಟು ಮತಕ್ಕೆ ಇಳಿಸುತ್ತದೆ. 600 ಇದ್ದವರಿಗೆ 400 ಮತ. ಖರ್ಚು ಮಾತ್ರ 600ರ ಮೇಲೇ! ಇದೇ ವಿಷಯದ ಜರ್ಮನಿಯ 1951ರ ಕಾನೂನಿನ ಮೂಲ ನಿಯಮ ಬೇರೆ: ಒಬ್ಬ ಮಾಲೀಕರಿಗೆ ಒಂದು ಮತ, ಹಾಕಿದ ಮತಗಳಲ್ಲಿ ಬಹುಮತ. ಅಲ್ಲಿ ನಾಲ್ಕು–ಎರಡರಿಂದ ಪಾಸು.

ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಇದರಿಂದ ಪ್ರತ್ಯೇಕ. ಕೋರಂ ಸಭೆಗೆ, ಬಹುಮತ ಠರಾವಿಗೆ. ಪ್ರಾಕ್ಸಿ (ಬಾರದವರ ಪರವಾಗಿ ಬಂದ ಪ್ರತಿನಿಧಿ) ಕೋರಂಗೆ ಸೇರುತ್ತದೆಯೇ ಎಂಬುದನ್ನು ಬೈಲಾದಲ್ಲಿ ಮೊದಲೇ ನೋಡಿಟ್ಟುಕೊಳ್ಳಿ. ನಡಾವಳಿ ಪುಸ್ತಕದಲ್ಲಿ ‘ಸರ್ವಾನುಮತದಿಂದ’ ಎಂದು ಗೀಚುವ ಬದಲು ಪರ, ವಿರೋಧ, ತಟಸ್ಥ, ಗೈರು ಎಂಬ ನಾಲ್ಕು ಅಂಕಿ ಬರೆದರೆ ಆಮೇಲೆ ಯಾವ ಛೇದ ಬೇಕಾದರೂ ಹಾಕಿ ನೋಡಬಹುದು.

ಲಿಫ್ಟಿನ ಖರ್ಚು

ಇಲ್ಲೂ ಅದೇ ರೋಗ. ಲಿಫ್ಟ್ ದುರಸ್ತಿಗೆ 3,00,000 ರೂಪಾಯಿ ಬೇಕು ಅನ್ನೋಣ. ಪಾಲಿನ ಪ್ರಕಾರ ಹಂಚಿದರೆ ಚಿಕ್ಕ ಫ್ಲ್ಯಾಟಿಗೆ 24,000, ನೆಲಮಹಡಿಯವರೂ ಕೊಡಬೇಕು. ಕರ್ನಾಟಕದ ಕಾಯ್ದೆ ಸಾಮಾನ್ಯ ಖರ್ಚನ್ನು ಹೀಗೇ ಪಾಲಿನ ಮೇಲೆ ಹಾಕುತ್ತದೆ. ಫ್ರಾನ್ಸ್‌ನ ನಿಯಮದಲ್ಲಿ ಲಿಫ್ಟಿನಂಥ ಸಲಕರಣೆಯ ಖರ್ಚು ಪ್ರಯೋಜನದ ಮೇಲೆ ನಿಂತಿದೆ.

ನೆಲಮಹಡಿಯ ಎರಡು ಚಿಕ್ಕ ಫ್ಲ್ಯಾಟುಗಳನ್ನು ಬಿಟ್ಟು, ಉಳಿದವರಿಗೆ ಪಾಲಿನಂತೆಯೇ ಹಂಚುವುದಾದರೆ ಛೇದ 1,000 ಅಲ್ಲ, 840. ಚಿಕ್ಕವರಿಗೆ 28,571, ಮಧ್ಯಮದವರಿಗೆ 42,857, ದೊಡ್ಡವರಿಗೆ 57,143. ಎಕ್ಸೆಲ್ ಹಾಳೆಯಲ್ಲಿ ಆ ಎರಡು ಸಾಲು ಅಳಿಸಿ ಛೇದ ತಿದ್ದಲು ಮರೆತರೆ ವಸೂಲಾಗುವುದು 2,52,000. ಉಳಿದ 48,000 ಎಲ್ಲಿ ಹೋಯಿತೆಂದು ಖಜಾಂಚಿಯನ್ನು ಹಿಡಿದುಕೊಳ್ಳುತ್ತಾರೆ. ಅದು ಹೋದದ್ದಲ್ಲ, ಬರಲೇ ಇಲ್ಲ.

ಸಿಂಕಿಂಗ್ ಫಂಡ್

ಮುಂದೆ ಬರಲಿರುವ ದೊಡ್ಡ ದುರಸ್ತಿಗೆಂದು ವರ್ಷ ವರ್ಷ ಕೂಡಿಡುವ ನಿಧಿ ಇದು. ತಾರಸಿಯ ಜಲನಿರೋಧಕ ಪದರ ಬದಲಿಸಲು 12,00,000, ಬಾಳಿಕೆ 15 ವರ್ಷ ಎಂದಿಟ್ಟುಕೊಳ್ಳಿ. ಬೆಲೆ ಏರಿಕೆ ಬಿಟ್ಟರೆ ವರ್ಷಕ್ಕೆ 80,000 ಕೂಡಿಡಬೇಕು. ಆರು ವರ್ಷದ ಕೊನೆಗೆ ಇರಬೇಕಾದದ್ದು 4,80,000. ಇರುವುದು 1,20,000 ಆದರೆ ನಿಧಿ ತುಂಬಿರುವುದು ಕಾಲು ಭಾಗ. ಇನ್ನು ಛೇದ 15 ಅಲ್ಲ, 9: ಉಳಿದ 10,80,000ವನ್ನು ಒಂಬತ್ತರಿಂದ ಭಾಗಿಸಿದರೆ ವರ್ಷಕ್ಕೆ 1,20,000. ಚಿಕ್ಕ ಫ್ಲ್ಯಾಟಿನ ವಂತಿಗೆ 6,400ರಿಂದ 9,600ಕ್ಕೆ ಏರಿತು. ಹಿಂದಿನ ಸಮಿತಿ ಮೇಂಟೆನೆನ್ಸ್ ಏರಿಸದೆ ಹೊಗಳಿಸಿಕೊಂಡದ್ದರ ಬಿಲ್ಲು ಇದು. ಈ ದುಡ್ಡು ಕಾವಲುಗಾರರ ಸಂಬಳ, ಕರೆಂಟ್ ಬಿಲ್ಲಿನ ಖಾತೆಯಲ್ಲೇ ಬೆರೆತಿದ್ದರೆ ಅದರ ಮೇಲೆ ಕೈ ಹಾಕದ ಸಮಿತಿ ಅಪರೂಪ. ಬೇರೆ ಖಾತೆ ತೆರೆದು, ಠರಾವಿನ ಪ್ರತಿ ಇಲ್ಲದೆ ತೆಗೆಯುವಂತಿಲ್ಲ ಎಂದು ಬೈಲಾದಲ್ಲೇ ಸೇರಿಸಿಡಿ. ಆ ಠರಾವಿಗೆ ಛೇದ ಯಾವುದೆಂದೂ ಅಲ್ಲೇ ಬರೆಯಿರಿ.