ಹೊಳೆಯುವ ಕೋಲ್ಟ್‌ಗಿಂತ ಸವೆದ ಕೋಲ್ಟ್ ಮೇಲು

ಹಳೇ ಕೋಲ್ಟ್ ರಿವಾಲ್ವರ್ ಒಂದು ಫಳಫಳ ಹೊಳೆಯುತ್ತಾ ನನ್ನ ಮೇಜಿಗೆ ಬಂದರೆ, ಕೈಗೆ ತೆಗೆದುಕೊಳ್ಳುವ ಮೊದಲೇ ಸಂಕಟವಾಗುತ್ತದೆ. ಕನೆಕ್ಟಿಕಟ್‌ನಲ್ಲಿ ಹಳೇ ಆಯುಧಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ಇವು ತಯಾರಾದ ಹಾರ್ಟ್‌ಫರ್ಡ್ ಇರುವುದೂ ಇದೇ ರಾಜ್ಯದಲ್ಲಿ.

ಕಳೆದ ವರ್ಷ ನ್ಯೂಜೆರ್ಸಿಯಿಂದ ಕನ್ನಡದವರೊಬ್ಬರು ಬಂದಿದ್ದರು. "ಚೆನ್ನಾಗಿ ಪಾಲಿಶ್ ಮಾಡಿಸಿದ್ದೀನಿ ಸರ್, ಈಗ ಎಷ್ಟು ಬರಬಹುದು?" ಅಂತ ಕೇಳಿದರು. ಫ್ರೇಮ್, ಅಂದರೆ ರಿವಾಲ್ವರ್‌ನ ಒಡಲಿನ ಮೇಲೆ, ಸೇನೆಯದು ಅನ್ನಲು ಒತ್ತಿದ್ದ ಯು.ಎಸ್. ಮುದ್ರೆ ಅರ್ಧ ಅಳಿಸಿತ್ತು. ತೋಟಾ ತುಂಬುವ ತಿರುಗುವ ಸಿಲಿಂಡರ್ ಮೇಲೆ ತಪಾಸಣೆ ಮಾಡಿದವರು ಒತ್ತಿದ್ದ ಹೆಸರಿನ ಅಕ್ಷರ ಪೂರ್ತಿ ಹೋಗಿತ್ತು. ಬೆಲೆಯ ದೊಡ್ಡ ಪಾಲು ಪಾಲಿಶ್ ಚಕ್ರದ ಕೆಳಗೆ ಪುಡಿಯಾಗಿತ್ತು.

ಅವರು ತಂದಿದ್ದು ಅಮೆರಿಕದ ಅಶ್ವದಳದ ಕೋಲ್ಟ್. 1873ರಲ್ಲಿ ಸೇನೆ ಮೊದಲ ಸಲ 8,000 ರಿವಾಲ್ವರ್‌ಗಳಿಗೆ ಆರ್ಡರ್ ಕೊಟ್ಟಿತು. 1891ರವರೆಗೆ ಒಟ್ಟು ಸುಮಾರು 37,000 ತೆಗೆದುಕೊಂಡಿತು. ನಳಿಗೆ ಏಳೂವರೆ ಇಂಚು, ತೋಟಾ .45 ಅಳತೆ. ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಇದು. ಖಾಲಿ ತೋಟಾಗಳನ್ನು ಒಂದೊಂದಾಗಿ ಸಲಾಕೆಯಿಂದ ತಳ್ಳಿ ಹೊರಗೆ ಹಾಕಬೇಕಿತ್ತು. ಓಡುವ ಕುದುರೆಯ ಮೇಲೆ ಅದು ಸುಲಭದ ಕೆಲಸವಲ್ಲ.

ಇದರ ಬೆಲೆ ನಿಂತಿರುವುದು ಮೈಮೇಲಿನ ಗುರುತುಗಳ ಮೇಲೆ. ಒಂದೊಂದು ಗನ್‌ಗೂ ಕಾರ್ಖಾನೆ ಕೊಟ್ಟ ಕ್ರಮಸಂಖ್ಯೆ, ಅಂದರೆ ನಂಬರ್, ಒಂದೇ ಕಡೆ ಇರುವುದಿಲ್ಲ. ಫ್ರೇಮ್‌ನ ಅಡಿ, ಟ್ರಿಗರ್ ಗಾರ್ಡ್, ಹಿಡಿಯ ಕಬ್ಬಿಣದ ಪಟ್ಟಿ, ಮೊದಲ ವರ್ಷಗಳಲ್ಲಿ ಸಿಲಿಂಡರ್ ಮತ್ತು ನಳಿಗೆಯ ಮೇಲೂ ಇತ್ತು. ನಳಿಗೆಯ ನಂಬರ್ ಸಲಾಕೆಯ ಕೊಳವೆಯ ಕೆಳಗೆ ಅಡಗಿರುತ್ತದೆ. ಸ್ಕ್ರೂ ಬಿಚ್ಚಿದರೆ ಮಾತ್ರ ಕಾಣುತ್ತದೆ. ಜೊತೆಗೆ ಸೇನೆಯ ತಪಾಸಣೆಗಾರರ ಅಕ್ಷರಗಳು. ಶುರುವಿನಲ್ಲಿ ಓರ್ವಿಲ್ ಏನ್ಸ್‌ವರ್ತ್, ಆಮೇಲೆ ಹೆನ್ರಿ ನೆಟಲ್‌ಟನ್, ಡೇವಿಡ್ ಕ್ಲಾರ್ಕ್. ಯಾರ ಅಕ್ಷರ ಯಾವ ನಂಬರ್‌ಗಳ ಸಾಲಿಗೆ ಸೇರುತ್ತದೆ ಅಂತ ಗೊತ್ತಿದ್ದರೆ ಅರ್ಧ ಮೋಸ ಅಲ್ಲೇ ಸಿಕ್ಕಿಬೀಳುತ್ತದೆ. ಪೇಟೆಂಟ್ ದಿನಾಂಕಗಳೂ ಹಾಗೇ. ಮೊದಲ ಫ್ರೇಮ್‌ಗಳಲ್ಲಿ 1871 ಮತ್ತು 1872ರ ಎರಡೇ ದಿನಾಂಕ. 1875ರದ್ದು ಆಮೇಲೆ ಸೇರಿತು. 1874ರ ನಂಬರ್ ಇರುವ ಫ್ರೇಮ್ ಮೇಲೆ 1875 ಅಂತ ಇದ್ದರೆ ಏನೋ ತಪ್ಪಿದೆ ಅಂತಲೇ ಅರ್ಥ, ಅಲ್ವಾ?

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1892ರ ಹೊತ್ತಿಗೆ ಸೇನೆ .38 ಅಳತೆಯ ಹೊಸ ರಿವಾಲ್ವರ್ ಹಿಡಿಯಿತು. ಹಳೇ ಕೋಲ್ಟ್‌ಗಳು ಗೋದಾಮು ಸೇರಿದವು. 1895ರಿಂದ ಅವನ್ನು ಮತ್ತೆ ಹೊರಗೆ ತೆಗೆದು, ನಳಿಗೆಯನ್ನು ಐದೂವರೆ ಇಂಚಿಗೆ ಇಳಿಸಿ, ರಿಪೇರಿ ಮಾಡಿ ಹಂಚಿದರು. ಮೊದಲು ಹೋಗಿದ್ದು ಲಘು ಫಿರಂಗಿದಳಕ್ಕೆ. ಅದಕ್ಕೇ ಸಂಗ್ರಹಕಾರರು ಇವನ್ನು ಆರ್ಟಿಲರಿ ಮಾಡೆಲ್ ಅನ್ನುತ್ತಾರೆ. ಹೆಚ್ಚಿನವನ್ನು ಬಿಚ್ಚಿ ಜೋಡಿಸುವಾಗ ಭಾಗಗಳೆಲ್ಲ ಒಂದೇ ರಾಶಿಗೆ ಬಿದ್ದವು. ಯಾವ ಸಿಲಿಂಡರ್ ಯಾವ ಫ್ರೇಮ್‌ದು ಅಂತ ಯಾರೂ ನೋಡಲಿಲ್ಲ. ಸಿಪಾಯಿಗೆ ಬೇಕಿದ್ದದ್ದು ಗುಂಡು ಹಾರಿಸುವ ರಿವಾಲ್ವರ್. ನಂಬರ್ ಕೂಡಿದರೆಷ್ಟು, ಬಿಟ್ಟರೆಷ್ಟು!

ಹಾಗಾಗಿ ಐದೂವರೆ ಇಂಚಿನ ಕೋಲ್ಟ್‌ನಲ್ಲಿ ನಂಬರ್‌ಗಳು ಬೇರೆಬೇರೆ ಇದ್ದರೆ ಅದು ದೋಷವಲ್ಲ. ಸೇನೆಯೇ ಮಾಡಿದ್ದು. ಅದೇ ಬೆರಕೆ ಏಳೂವರೆ ಇಂಚಿನ ನಳಿಗೆಯ ಜೊತೆ ಬಂದರೆ ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡು ಭೂತಗನ್ನಡಿ ಹಿಡಿಯುತ್ತೇನೆ. ಆರ್ಟಿಲರಿ ಮಾಡೆಲ್‌ಗೆ ಉದ್ದದ ನಳಿಗೆ ತೊಡಿಸಿ ಅಶ್ವದಳದ್ದು ಅಂತ ಮಾರುವವರು ಇದ್ದಾರೆ. ಅಶ್ವದಳದ ಗನ್ ಹಾಗೇ ಉಳಿದಿದ್ದು ಕಡಿಮೆ. ಅದಕ್ಕೇ ಬೆಲೆ ಜಾಸ್ತಿ, ಅದಕ್ಕೇ ಮೋಸವೂ ಜಾಸ್ತಿ.

ಯು.ಎಸ್. ಮುದ್ರೆಯನ್ನೂ ಹೊಸದಾಗಿ ಒತ್ತುತ್ತಾರೆ. ಅದನ್ನು ಬೆರಳಿನಿಂದ ಸವರಿ ನೋಡಿ. ಕಾರ್ಖಾನೆಯಲ್ಲಿ ಮುದ್ರೆ ಒತ್ತಿದ ಮೇಲೆ ಮೈ ನಯ ಮಾಡುತ್ತಿದ್ದರು. ಅಂಚು ಮಟ್ಟವಾಗಿರಬೇಕು. ಅಕ್ಷರದ ಸುತ್ತ ಕಬ್ಬಿಣ ಉಬ್ಬಿದ್ದರೆ, ಅಥವಾ ಮೈಯೆಲ್ಲ ತುಕ್ಕಿನ ಗುಳಿ ಬಿದ್ದು ಅಕ್ಷರದೊಳಗೆ ಮಾತ್ರ ಶುಭ್ರವಾಗಿದ್ದರೆ, ಮುದ್ರೆ ಹೊಸದು.

ಇನ್ನು ಕಥೆಗಳು. "ಇದು ಲಿಟಲ್ ಬಿಗ್‌ಹಾರ್ನ್‌ನಲ್ಲಿ ಇದ್ದ ಗನ್" ಅನ್ನುವ ಮಾತು ನನ್ನ ಕಿವಿಗೆ ಬಹಳ ಸಲ ಬಿದ್ದಿದೆ. 1876ರ ಜೂನ್ 25ರಂದು ಅಮೆರಿಕದ ಮೂಲನಿವಾಸಿಗಳ ಎದುರು ಸೇನಾಧಿಕಾರಿ ಕಸ್ಟರ್ ಸತ್ತ ಆ ಕಾಳಗದಲ್ಲಿ ಅವನ ಏಳನೇ ಅಶ್ವದಳದ ಬಳಿ ಇದ್ದದ್ದು ಕೋಲ್ಟ್‌ಗಳೇ, ನಿಜ. ಆದರೆ ನಂಬರ್ ಆ ಕಾಲದ್ದು ಅಂದ ಮಾತ್ರಕ್ಕೆ ಗನ್ ಅಲ್ಲಿತ್ತು ಅಂತಲ್ಲ. ಕೋಲ್ಟ್ ಕಂಪನಿಯಿಂದ ಹಣ ಕೊಟ್ಟು ದಾಖಲೆಯ ಪತ್ರ ತರಿಸಬಹುದು, ತರಿಸಿ. ಆದರೆ ಆ ಪತ್ರ ನಂಬರ್ ಬಗ್ಗೆ ಹೇಳುತ್ತದೆಯೇ ಹೊರತು ನಿಮ್ಮ ಕೈಯಲ್ಲಿರುವ ಕಬ್ಬಿಣದ ಬಗ್ಗೆ ಅಲ್ಲ.

ಮನೆಗೆ ತಂದ ಮೇಲೆ ಸುಮ್ನೆ ಬಿಡುವುದೇ ದೊಡ್ಡ ಉಪಕಾರ. ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪು ತುಕ್ಕು ತರುತ್ತದೆ. ಮೆತ್ತನೆ ಬಟ್ಟೆಯಲ್ಲಿ ತೆಳ್ಳಗೆ ಎಣ್ಣೆ ಸವರಿದರೆ ಸಾಕು. ಚರ್ಮದ ಚೀಲದಲ್ಲಿ ಇಡಲೇಬೇಡಿ, ಚರ್ಮ ತೇವ ಹಿಡಿಯುತ್ತದೆ. ತೋಟಾ ಇಲ್ಲದೆ ಬಿಡಿ ಮದ್ದು ತುಂಬುತ್ತಿದ್ದ 1860ರ ಮಾದರಿಯಂಥ ಇನ್ನೂ ಹಳೇ ಕೋಲ್ಟ್ ಆದರೆ ಸಿಲಿಂಡರ್‌ನಲ್ಲಿ ಮದ್ದು ಇದೆಯಾ ಅಂತ ತಿಳಿದವರಿಂದ ನೋಡಿಸಿ. ಒಣಗಿದ ಕರಿಮದ್ದು ಎಷ್ಟು ವರ್ಷವಾದರೂ ಹೊತ್ತಿಕೊಳ್ಳಬಲ್ಲದು. ಇವನ್ನು ಹಾರಿಸಿ ನೋಡುವ ಆಸೆಯೂ ಬೇಡ. ಕರಿಮದ್ದಿಗೆ ಮಾಡಿದ ಕಬ್ಬಿಣ ಈಗಿನ ತೋಟಾಗಳ ಹೊಡೆತ ತಡೆಯದು.

ಕಾನೂನು ಬೇರೆ. ಅಮೆರಿಕದ ಕೇಂದ್ರ ಕಾನೂನಿನಲ್ಲಿ 1898ರೊಳಗೆ ತಯಾರಾಗಿದ್ದು ಪುರಾತನ ಆಯುಧ. ಆದರೆ ಒಂದೊಂದು ರಾಜ್ಯದಲ್ಲಿ ಒಂದೊಂದು ನಿಯಮ. ಊರಿನ ಮನೆಯ ಶೋಕೇಸ್‌ನಲ್ಲಿ ಇಡೋಣ ಅಂತ ಯಾರೂ ಸೂಟ್‌ಕೇಸ್‌ಗೆ ಹಾಕಿಕೊಳ್ಳಬೇಡಿ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಹಳೇದು ಅನ್ನುವುದೊಂದೇ ಸಾಲದು. ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದಂಥದ್ದಾಗಿರಬೇಕು.

ನ್ಯೂಜೆರ್ಸಿಯವರ ರಿವಾಲ್ವರ್ ಅನ್ನು ನಾನು ಹಾಗೇ ವಾಪಸ್ ಕೊಡಲಿಲ್ಲ. ಸಲಾಕೆಯ ಕೊಳವೆಯ ಸ್ಕ್ರೂಗೆ ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ಕೊಳವೆ ಬಿಚ್ಚಿದಾಗ ಕೆಳಗೆ ಚಕ್ರ ಮುಟ್ಟದ ಒಂದು ಸಣ್ಣ ಪಟ್ಟಿ ಇತ್ತು, ಹಳೇ ಬಣ್ಣ ಹಾಗೇ ಇದ್ದದ್ದು. ಅದರ ಮೇಲಿನ ನಂಬರ್ ಫ್ರೇಮ್‌ನ ಮಸುಕು ನಂಬರ್‌ಗೆ ಅಂಕಿಗೆ ಅಂಕಿ ಕೂಡಿತು. ಅವರಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಬರಲಿಲ್ಲ.