ಅಂಗಡಿಗೆ ಬೀಗ ಬೀಳುತ್ತದೆ, ರಿಜಿಸ್ಟರಿನ ಹೆಸರು?

ಔಷಧ ಅಂಗಡಿಯ ಮೇಲೆ ದಾಳಿ, ಲೈಸೆನ್ಸ್ ಅಮಾನತು ಎಂಬ ಸುದ್ದಿ ಮಂಗಳೂರಿನ ಪತ್ರಿಕೆ ಓದುಗರಿಗೆ ಹೊಸದಲ್ಲ. ಆ ಅಂಗಡಿಯ ಗೋಡೆಗೆ ಚೌಕಟ್ಟು ಹಾಕಿಸಿ ತೂಗುಬಿಟ್ಟ ನೋಂದಣಿ ಪ್ರಮಾಣಪತ್ರದ ಒಡೆಯನಿಗೆ ಏನಾಯಿತು ಎಂಬುದು ಸುದ್ದಿಯಾಗುವುದು ಅಪರೂಪ. ಅಂಗಡಿಯದು ಒಂದು ಕಾನೂನು, ಹೆಸರಿನದು ಇನ್ನೊಂದು. ಲೈಸೆನ್ಸ್ ಕೊಡುವುದೂ ಕಸಿಯುವುದೂ ಔಷಧ ನಿಯಂತ್ರಣ ಇಲಾಖೆ. ಫಾರ್ಮಾಸಿಸ್ಟ್ ಹೆಸರನ್ನು ಬರೆದುಕೊಳ್ಳುವುದೂ ಹೊಡೆದುಹಾಕುವುದೂ ಬೆಂಗಳೂರಿನಲ್ಲಿರುವ ರಾಜ್ಯ ಫಾರ್ಮಸಿ ಕೌನ್ಸಿಲ್.

ಈ ಎರಡು ಮನೆ ಏಕೆ ಎಂದು ತಿಳಿಯಲು 1930ಕ್ಕೆ ಹೋಗಬೇಕು. ಕಲಬೆರಕೆ ಔಷಧದ ದೂರುಗಳು ಹೆಚ್ಚಾದಾಗ ಬ್ರಿಟಿಷ್ ಸರ್ಕಾರ ಆರ್.ಎನ್. ಚೋಪ್ರಾ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಔಷಧಕ್ಕೂ ಅದನ್ನು ಕೊಡುವವನಿಗೂ ಕಾನೂನು ಬೇಕೆಂದು ಸಮಿತಿ ಹೇಳಿತು. ಔಷಧದ ಕಾನೂನು 1940ರಲ್ಲಿ ಬಂತು. ಮನುಷ್ಯನ ಕಾನೂನು, ಅಂದರೆ ಫಾರ್ಮಸಿ ಕಾಯ್ದೆ, ಬಂದದ್ದು ಸ್ವಾತಂತ್ರ್ಯದ ನಂತರ, 1948ರಲ್ಲಿ.

ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮಿಕ್ಸ್ಚರ್ ಕಲಸಿ ಬಾಟಲಿಗೆ ತುಂಬಿ, ಎಷ್ಟು ಹೊತ್ತಿಗೆ ಎಷ್ಟು ಎಂದು ತಿಳಿಯಲು ಗುರುತು ಮಾಡಿದ ಕಾಗದದ ಪಟ್ಟಿಯನ್ನು ಅಂಟಿಸಿ ಕೊಡುತ್ತಿದ್ದವರು ಕಾಂಪೌಂಡರ್‌ಗಳು. ಅವರನ್ನು ಏಕಾಏಕಿ ಬೀದಿಗೆ ತಳ್ಳುವಂತಿರಲಿಲ್ಲ. ಐದು ವರ್ಷ ಆ ಕೆಲಸ ಮಾಡಿದವರಿಗೂ ಮೊದಲ ರಿಜಿಸ್ಟರಿನಲ್ಲಿ ಕಾಯ್ದೆ ಜಾಗ ಕೊಟ್ಟಿತು. ನೋಂದಣಿಯಿಲ್ಲದವರು ಔಷಧ ಕೊಡಬಾರದೆಂಬ ನಿಷೇಧದ ದಿನಾಂಕವನ್ನು ರಾಜ್ಯಗಳಿಗೇ ಬಿಟ್ಟಿತು. ಅವು ಸುಮ್ಮನೆ ಕುಳಿತರೂ ಕೆಲವು ವರ್ಷಕ್ಕೆ ತಾನಾಗಿಯೇ ಜಾರಿ ಎಂದು 1976ರ ತಿದ್ದುಪಡಿ ಹೇಳಬೇಕಾಯಿತು. ಮಣಿಪಾಲದಲ್ಲಿ 1963ರಲ್ಲೇ ಫಾರ್ಮಸಿ ಕಾಲೇಜು ಬಂದಿತ್ತು. ಕಲಿತವರು ಬಂದರು, ಕಾವಲು ತಡವಾಯಿತು.

ಶಿಸ್ತುಕ್ರಮಕ್ಕೆ ಆಧಾರ ಫಾರ್ಮಸಿ ಕಾಯ್ದೆಯ 36ನೇ ಸೆಕ್ಷನ್. ಸುಳ್ಳು ದಾಖಲೆಯಿಂದ ನೋಂದಣಿ, ಅಪರಾಧದಲ್ಲಿ ಶಿಕ್ಷೆ, ವೃತ್ತಿಗೆ ಕಳಂಕ ತರುವ ನಡತೆ: ಇವು ಹೆಸರು ತೆಗೆಯಲು ಮುಖ್ಯ ಕಾರಣಗಳು. ಕೌನ್ಸಿಲಿನ ಕಾರ್ಯಕಾರಿ ಸಮಿತಿ ವಿಚಾರಣೆ ನಡೆಸಿ, ಆರೋಪಿಯ ಮಾತು ಕೇಳಿ ಆದೇಶಿಸಬೇಕು. ಅದನ್ನು ಪೂರ್ಣ ಕೌನ್ಸಿಲ್ ಸ್ಥಿರೀಕರಿಸಬೇಕು. ಆಮೇಲೂ ಮೂರು ತಿಂಗಳು ಆದೇಶ ಜಾರಿಯಾಗದು. ಮೇಲ್ಮನವಿಗೆ ಅವಕಾಶವಿರಲಿ ಎಂದು ಇದನ್ನು ಸಮರ್ಥಿಸಬಹುದು. ಆದರೆ ರಾಜ್ಯ ಸರ್ಕಾರಕ್ಕೆ ಮೇಲ್ಮನವಿ ಸಲ್ಲಿಸಲು ಇರುವುದು ಮೂವತ್ತೇ ದಿನ. ಉಳಿದ ಎರಡು ತಿಂಗಳು ಯಾರಿಗಾಗಿ?

ಕಳಂಕದ ನಡತೆ ಎಂದರೆ ಯಾವುದು ಎಂಬುದು ಬಹುಕಾಲ ಮಸುಕಾಗಿಯೇ ಇತ್ತು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ಕೊನೆಗೂ ಬಾಯಿಬಿಟ್ಟು ಹೇಳಿತು. ಕೆಲಸಕ್ಕೆ ಬಾರದೆ ಪ್ರಮಾಣಪತ್ರವನ್ನಷ್ಟೇ ಅಂಗಡಿ ಮಾಲೀಕನಿಗೆ ಕೊಡುವುದು, ಏಕಕಾಲಕ್ಕೆ ಎರಡು ಅಂಗಡಿಗಳಲ್ಲಿ ಹೆಸರು ತೋರಿಸುವುದು, ತಾನಿಲ್ಲದಾಗ ಬೇರೆಯವರು ಔಷಧ ಕೊಡುವುದು ದುರ್ನಡತೆ. ದೂರು ಆರು ತಿಂಗಳಲ್ಲಿ ಇತ್ಯರ್ಥವಾಗಬೇಕು. ‘ಸರ್ಟಿಫಿಕೇಟ್ ಬಾಡಿಗೆ’ ಎಂದು ಈ ವಲಯದಲ್ಲಿ ಸಲೀಸಾಗಿ ಆಡುವ ಮಾತಿಗೆ ಹೀಗೆ ಕಾನೂನಿನಲ್ಲೊಂದು ಜಾಗ ಸಿಕ್ಕಿತು. ಹಲವು ಕಾನೂನುಗಳ ಶಿಕ್ಷೆಗಳನ್ನು ಬದಲಿಸಿದ 2023ರ ಜನವಿಶ್ವಾಸ ಕಾಯ್ದೆ, ನೋಂದಣಿಯಿಲ್ಲದೆ ಔಷಧ ಕೊಟ್ಟವರಿಗಿದ್ದ ಸಾವಿರ ರೂಪಾಯಿ ದಂಡದ ಮಿತಿಯನ್ನು ಎರಡು ಲಕ್ಷಕ್ಕೆ ಏರಿಸಿತು. ಜೈಲುವಾಸದ ಮಿತಿಯನ್ನು ಮಾತ್ರ ಆರು ತಿಂಗಳಿಂದ ಮೂರಕ್ಕೆ ಇಳಿಸಿತು.

ನನಗೆ ತೊಡಕೆನಿಸುವುದು ಬೇರೆಯೇ. ಬಂಡವಾಳ ಹಾಕಿದ ಮಾಲೀಕ ಫಾರ್ಮಾಸಿಸ್ಟ್ ಅಲ್ಲದಿದ್ದರೆ ಕೌನ್ಸಿಲ್ ಅವನನ್ನು ಮುಟ್ಟಲಾಗದು. ಹೊಡೆದುಹಾಕಲು ಅವನ ಹೆಸರೇ ಅಲ್ಲಿಲ್ಲ. ವೈದ್ಯರ ಚೀಟಿಯಿಲ್ಲದೆ ನಿದ್ರೆ ಮಾತ್ರೆ ಕೊಡು ಎಂದು ಒತ್ತಾಯಿಸುವವನು ಅವನು, ಹೆಸರು ಕಳೆದುಕೊಳ್ಳುವವನು ಫಾರ್ಮಸಿ ಡಿಪ್ಲೊಮಾ (ಡಿ.ಫಾರ್ಮಾ) ಮುಗಿಸಿ ಸಂಬಳಕ್ಕೆ ನಿಂತ ಹುಡುಗ. ಚೀಟಿಯಿಲ್ಲದೆ ಮಾರಬಾರದ, ಹೆಚ್ಚಿನ ನಿಗಾದ ಔಷಧಗಳಿಗೆಂದು 2014ರ ಮಾರ್ಚ್‌ನಿಂದ ಜಾರಿಯಾದ ಎಚ್1 ಪಟ್ಟಿಯ ಔಷಧಗಳಿಗೆ ಬೇರೆಯೇ ಪುಸ್ತಕ ಇಡಬೇಕು. ಬರೆದುಕೊಟ್ಟ ವೈದ್ಯರು ಯಾರು, ರೋಗಿ ಯಾರು, ಯಾವ ಮಾತ್ರೆ, ಎಷ್ಟು ಎಂಬುದೆಲ್ಲ ಅದರಲ್ಲಿರಬೇಕು. ಮೂರು ವರ್ಷ ಅದನ್ನು ಕಾಯ್ದಿಡಬೇಕು. ಇನ್‌ಸ್ಪೆಕ್ಟರ್ ಬಂದಾಗ ಆ ಪುಸ್ತಕ ಖಾಲಿಯಿದ್ದರೆ ಅಂಗಡಿಗೆ ನೋಟಿಸ್ ಬರುತ್ತದೆ. ಅದೇ ವರದಿ ದೂರಾಗಿ ಕೌನ್ಸಿಲಿಗೂ ಹೋದರೆ ಮಾತ್ರ ಹೆಸರಿನ ವಿಚಾರಣೆ. ವಿಚಾರಣೆಗೆ ಕರೆದರೆ ಕರಾವಳಿಯವರು ಘಾಟಿ ಹತ್ತಬೇಕು. ಮಳೆಗಾಲದಲ್ಲಿ ಶಿರಾಡಿ ಕುಸಿದರೆ ಅದೂ ಅನುಮಾನವೇ.

ಫಾರ್ಮಸಿ ಕಾಯ್ದೆಯ ಬದಲಿಗೆ ಹೊಸ ಆಯೋಗ ತರುವ ಕರಡು ಮಸೂದೆಯನ್ನು ಕೇಂದ್ರ 2023ರ ನವೆಂಬರ್‌ನಲ್ಲಿ ಪ್ರಕಟಿಸಿತು. ಅದರಲ್ಲಿ ನೀತಿ ಮತ್ತು ನೋಂದಣಿಗೆಂದೇ ಒಂದು ಮಂಡಳಿಯ ಪ್ರಸ್ತಾಪವಿದೆ. ಈಗಿನ ವ್ಯವಸ್ಥೆಯಲ್ಲಿ ಉಡುಪಿಯ ಗ್ರಾಹಕನೊಬ್ಬ ದೂರು ಕೊಡುವುದಾದರೆ ಅವನ ಕೈಯಲ್ಲಿರಬೇಕಾದ ಸಾಕ್ಷ್ಯ ಬಿಲ್. ಚೀಟಿಯ ಮೇಲೆ ಮಾರಿದ ಔಷಧದ ದಾಖಲೆಗೆ ಫಾರ್ಮಾಸಿಸ್ಟ್ ಸಹಿ ಬೇಕೆಂದು 1940ರ ಔಷಧ ಕಾನೂನಿನಡಿ ಬಂದ 1945ರ ನಿಯಮವೇ ಹೇಳುತ್ತದೆ. ಆ ದಿನ ನಾನು ಊರಲ್ಲಿರಲಿಲ್ಲ ಎಂದು ಪ್ರಮಾಣಪತ್ರದ ಒಡೆಯ ಹೇಳಿದರೆ, ಸಹಿ ಯಾರದ್ದು ಎಂಬುದಕ್ಕೆ ಮಾಲೀಕನೂ ಉತ್ತರಿಸಬೇಕಾಗುತ್ತದೆ, ಆ ಒಡೆಯನೂ ಉತ್ತರಿಸಬೇಕಾಗುತ್ತದೆ. ಒಬ್ಬ ಇಲಾಖೆಗೆ, ಇನ್ನೊಬ್ಬ ಕೌನ್ಸಿಲಿಗೆ.